ವಾಸನೆ ನಿಂತ ಮೇಲೆ

ಅತ್ತಿಗೆಯ ಮೂಗು ಭಯದಿಂದ ತಯಾರಾದದ್ದು.

ಹುಟ್ಟುವಾಗ ಅದು ಎಲ್ಲರ ಮೂಗಿನ ಹಾಗೆಯೇ ಇತ್ತು. ಮದುವೆಯಾಗಿ ಬಂದ ಮನೆಯಲ್ಲಿ ಹಾಲು ಒಡೆದರೆ ಅವಳ ತಪ್ಪು, ನಿನ್ನೆಯ ಪಲ್ಯ ಹಳಸಿದ್ದನ್ನು ಗಂಡ ತಟ್ಟೆಯ ಮುಂದೆ ಕೂತು ಕಂಡುಹಿಡಿದರೆ ಅವಳ ತಪ್ಪು, ಬಚ್ಚಲು ನಾತ ಹೊಡೆದರೆ, ಒಗೆದ ಬಟ್ಟೆ ಮುಗ್ಗಲು ಹಿಡಿದರೆ, ಗ್ಯಾಸಿನ ಒಲೆ ಸರಿಯಾಗಿ ಆರದೆ ಉಳಿದಿದ್ದರೆ ಎಲ್ಲಕ್ಕೂ ಒಂದೇ ವಿಳಾಸ. ಹಾಗಾಗಿ ಬೇರೆಯವರಿಗೆ ಗೊತ್ತಾಗುವ ಮೊದಲೇ ತನಗೆ ಗೊತ್ತಾಗಬೇಕು ಎಂಬುದನ್ನು ಅವಳು ಬೇಗ ಕಲಿತಳು. ಬೆಳಿಗ್ಗೆ ಎದ್ದವಳು ಕಣ್ಣುಜ್ಜಿಕೊಳ್ಳುವುದಕ್ಕೂ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆಯುತ್ತಿದ್ದಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಮುಚ್ಚಿದ ಪಾತ್ರೆಯ ಮುಚ್ಚಳ ತೆಗೆಯದೆಯೇ ಒಳಗಿರುವುದು ಸಂಜೆಯವರೆಗೆ ತಡೆಯುತ್ತದೋ ಇಲ್ಲವೋ ಹೇಳಬಲ್ಲವಳಾದಳು. ಮನೆಯವರು ಅದನ್ನು ದೇವರು ಕೊಟ್ಟ ವರ ಎಂದರು. ಅತ್ತೆಯಂತೂ ಬಂದವರ ಮುಂದೆಲ್ಲ, "ನಮ್ಮ ಸೊಸೆ ಮೂಗಿದ್ರೆ ಮನೆಗೆ ನಾಯಿ ಬೇಡ" ಎಂದು ಹೊಗಳುತ್ತಿದ್ದಳು. ಹೊಗಳಿಕೆಯೆಂದೇ ಅವಳೂ ನಗುತ್ತಿದ್ದಳು.

ಆ ಮೂಗೇ ಅವಳಿಗೆ ಕೆಲಸ ಕೊಡಿಸಿತು. ಊರಾಚೆ ಸತುವಿನ ಗಣಿಯಿತ್ತು. ಗಂಡ ಅಲ್ಲಿ ನೆಲ ಕೊರೆಯುವ ಯಂತ್ರದ ಜೊತೆ ಅಲೆಯುವವನು. ಹೊಸ ಜಾಗ ಹುಡುಕಿಕೊಂಡು ಹೋದರೆ ವಾರಗಟ್ಟಲೆ ಮನೆಯ ಕಡೆ ಬರುತ್ತಿರಲಿಲ್ಲ. ಅವನ ಯಂತ್ರ ನೆಲದಾಳದಿಂದ ಉದ್ದುದ್ದ ಕಲ್ಲಿನ ಕೋಲುಗಳನ್ನು ಎಳೆದು ತೆಗೆಯುತ್ತಿತ್ತು. ಆ ಕೋಲುಗಳು ಲಾರಿಯಲ್ಲಿ ಬಂದು ಗಣಿಯ ಕಲ್ಲು ಶೆಡ್ಡಿನಲ್ಲಿ ಸಾಲಾಗಿ ಮಲಗುತ್ತಿದ್ದವು. ಅತ್ತಿಗೆ ಮೊದಲು ಅಲ್ಲಿಗೆ ಹೋದದ್ದು ಗುಡಿಸುವವಳಾಗಿ. ಶೆಡ್ಡಿನ ಯಜಮಾನಿ, ಎಲ್ಲರೂ ಕಲ್ಲಿನ ಮೇಡಂ ಎನ್ನುತ್ತಿದ್ದ ಹೆಂಗಸು, ಒಂದು ದಿನ ಮೇಜಿನ ಮೇಲೆ ಕೋಲಿಟ್ಟುಕೊಂಡು, ಅದನ್ನು ಚಾಕುವಿನಲ್ಲಿ ಕೆರೆದು, ಉದುರಿದ ಪುಡಿಗೆ ಒಂದು ತೊಟ್ಟು ಆಸಿಡ್ ಬಿಟ್ಟು ಬಗ್ಗಿ ಮೂಸುತ್ತಿದ್ದಳು. ಮೇಡಂಗೆ ವರ್ಷವಿಡೀ ನೆಗಡಿ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅತ್ತಿಗೆ, "ಮೇಡಂ, ಎಲ್ಲೋ ಮೊಟ್ಟೆ ಕೊಳೆತಿದೆ, ನಾನಲ್ಲ ತಂದಿದ್ದು" ಎಂದಳು. ತಪ್ಪು ತನ್ನ ಮೇಲೆ ಬರುವ ಮುಂಚೆ ಹೇಳಿಬಿಡುವುದು ಅವಳ ಅಭ್ಯಾಸ.

ಮೇಡಂ ತಲೆಯೆತ್ತಿ ನೋಡಿದಳು. "ಅಷ್ಟು ದೂರದಿಂದ ಬಂತಾ ನಿಮಗೆ? ನಾನು ಇದರ ಮೇಲೇ ಬಿದ್ದಿದೀನಿ, ಏನೂ ಇಲ್ಲ. ಬನ್ನಿ ಇಲ್ಲಿ, ಪೊರಕೆ ಇಡಿ."

ಅಂದಿನಿಂದ ಪೊರಕೆ ಕೆಳಗೆ ಹೋಯಿತು ಎಂದೇನಲ್ಲ. ಪೊರಕೆಯ ಜೊತೆಗೆ ಚಾಕು ಮತ್ತು ಆಸಿಡ್ಡಿನ ಪುಟ್ಟ ಸೀಸೆಯೂ ಬಂದವು. ಸಂಬಳ ಕೊಂಚ ಏರಿತು. ಮುಂದೆ ಕೆಲಸ ಹೆಚ್ಚಾದಾಗ ಗಂಡನ ತಂಗಿಯನ್ನೂ ಅವಳೇ ಸೇರಿಸಿದಳು. ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದಿದ್ದ ಆ ನಾದಿನಿ ತೋಳಲ್ಲೂ ಬಾಯಲ್ಲೂ ಗಟ್ಟಿ. ಅವಳು ಬಾಯಿ ತೆರೆದರೆ "ಅತ್ತಿಗೆ" ಎನ್ನುತ್ತಿದ್ದುದರಿಂದ ಶೆಡ್ಡಿನಲ್ಲಿ ಎಲ್ಲರಿಗೂ ಇವಳು ಅತ್ತಿಗೆಯಾದಳು. ವಯಸ್ಸಿನಲ್ಲಿ ದೊಡ್ಡವನಾದ ಲಾರಿ ಡ್ರೈವರ್ ಮಾತ್ರ ಅಕ್ಕಾ ಎನ್ನುತ್ತಿದ್ದ. ಅತ್ತಿಗೆ ಎಂದರೆ ತನ್ನ ಹೆಂಡತಿಗೆ ಯಾರು ಬೇಕಾದರೂ ಏನು ಬೇಕಾದರೂ ಅನ್ನಬಹುದು ಎಂಬಂತಾಗುತ್ತದೆ ಎಂಬುದು ಅವನ ತರ್ಕ. ಯಾರಿಗೂ ಅದು ಅರ್ಥವಾಗಿರಲಿಲ್ಲ.

ಅವರು ಹುಡುಕುತ್ತಿದ್ದ ಕಲ್ಲಿಗೆ ಮೇಡಂ ಸ್ಫಾಲರೈಟ್ ಎನ್ನುತ್ತಿದ್ದಳು. ಸತು ಮತ್ತು ಗಂಧಕ ಕೂಡಿ ಆದದ್ದು. ಗಣಿಯವರು ಅದನ್ನು ಕಳ್ಳಗಲ್ಲು ಎನ್ನುತ್ತಿದ್ದರು. ಆ ಹೆಸರು ಸರಿಯಾಗಿಯೇ ಇತ್ತು. ಒಂದು ಕೋಲಿನಲ್ಲಿ ಅದು ಜೇನಿನ ಬಣ್ಣದಲ್ಲಿ ಬೆಳಕು ಹಾಯುವಂತೆ ಇರುತ್ತಿತ್ತು, ಇನ್ನೊಂದರಲ್ಲಿ ಅಂಟಿನ ಹಾಗೆ ಕಂದು, ಮತ್ತೊಂದರಲ್ಲಿ ಇದ್ದಿಲಿನ ಹಾಗೆ ಕಪ್ಪು. ಒಳಗೆ ಕಬ್ಬಿಣ ಹೆಚ್ಚು ಸೇರಿದಷ್ಟೂ ಕಪ್ಪು. ಪಕ್ಕದಲ್ಲೇ ಸೀಸದ ಅದಿರು ಮಿನುಗುತ್ತ ಕೂತಿದ್ದರೆ ಇದೂ ಅದೇ ಎಂದುಕೊಂಡು ಮೋಸಹೋದವರು ಹಿಂದೆ ಎಷ್ಟೋ ಜನ. ಎತ್ತಿದರೆ ಸೀಸದಷ್ಟು ತೂಕ ಇಲ್ಲ. ಒಡೆದರೆ ಆರು ದಿಕ್ಕಿನಲ್ಲಿ ನುಣ್ಣಗೆ ಸೀಳುತ್ತದೆ, ಪ್ರತಿ ಚೂರೂ ಕನ್ನಡಿಯಂತೆ. ಚಾಕುವಿಗೆ ಸುಲಭವಾಗಿ ಸೋಲುವ ಮೆತ್ತನೆಯ ಕಲ್ಲು. ಮೈ ಎಷ್ಟೇ ಕಪ್ಪಾಗಿರಲಿ, ಕೆರೆದಾಗ ಉದುರುವ ಪುಡಿ ಮಾತ್ರ ಹಳದಿ, ಹೆಚ್ಚೆಂದರೆ ತಿಳಿಗಂದು. ಆಸಿಡ್ ತಾಗಿದರೆ ಕೊಳೆತ ಮೊಟ್ಟೆಯ ನಾತ. ಪಕ್ಕದ ಸುಣ್ಣದ ಕಲ್ಲಿಗೆ ಅದೇ ಆಸಿಡ್ ಬಿಟ್ಟರೆ ಬುಸುಗುಟ್ಟಿ ನೊರೆ ಬರುತ್ತದೆ, ನಾತವಿಲ್ಲ.

ಅದು ಹುಟ್ಟಿದ ಬಗೆಯನ್ನು ಮೇಡಂ ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದಳು. ಈ ನೆಲವೆಲ್ಲ ಒಂದು ಕಾಲಕ್ಕೆ ಸಮುದ್ರದ ತಳವಂತೆ. ಸುಣ್ಣದ ಕಲ್ಲು ಪದರ ಪದರವಾಗಿ ಕೂತಿತು. ಆಮೇಲೆ ಎಷ್ಟೋ ಕೋಟಿ ವರ್ಷದ ಮೇಲೆ ಬಹಳ ಆಳದಿಂದ ಬಿಸಿಯಾದ ಉಪ್ಪುನೀರು ದಾರಿಯಲ್ಲಿ ಸಿಕ್ಕ ಸತುವನ್ನು ಕರಗಿಸಿಕೊಂಡು ಮೇಲೆ ಬಂತು. ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಅದಕ್ಕೆ ಗಂಧಕ ಎದುರಾಯಿತು. ಎರಡೂ ಕೂಡಿದ್ದು ಇನ್ನು ನೀರಿನಲ್ಲಿ ನಿಲ್ಲಲಾರದೆ ಗೋಡೆಗೆ ಅಂಟಿ, ಸಾವಧಾನವಾಗಿ ಹರಳುಗಟ್ಟಿತು.

"ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಕರೆ ಕಟ್ಟತ್ತಲ್ಲ ಮೇಡಂ, ಹಾಗೆ" ಎಂದಳು ಅತ್ತಿಗೆ.

"ಹತ್ತಿರ ಹತ್ತಿರ ಹಾಗೇ."

"ನೋಡಿದ್ಯಾ ಅತ್ತಿಗೆ" ಎಂದಳು ನಾದಿನಿ. "ಕೋಟಿ ವರ್ಷ ಯಾರೂ ಪಾತ್ರೆ ತೊಳೀದೆ ಬಿಟ್ರೆ ಅದಕ್ಕೂ ಬೆಲೆ ಬರತ್ತೆ. ನೀನು ಸುಮ್ನೆ ದಿನಾ ಉಜ್ಜಿ ಉಜ್ಜಿ ಮನೆ ಹಾಳು ಮಾಡ್ದೆ."

ಕಲ್ಲಿಗೆ ಹೆದರುವ ಅಭ್ಯಾಸವೂ ಅತ್ತಿಗೆಗೆ ಇತ್ತು. ಹೊಸದರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ, ಕಿಟಕಿಯಿಲ್ಲದ ಕೊಯ್ಯುವ ಕೋಣೆಯಲ್ಲಿ ಕತ್ತಲಾದಾಗ ಅವಳ ಕೈಯ ಚಾಕು ಜೇನುಬಣ್ಣದ ಕೋಲಿನ ಮೇಲೆ ಜಾರಿತ್ತು. ಜಾರಿದ ಉದ್ದಕ್ಕೂ ಒಂದು ಹಳದಿ ಬೆಳಕಿನ ಗೆರೆ ಹೊತ್ತಿ ಆರಿತು. ಕೋಲು ಕೈಬಿಟ್ಟು ಓಡಿಬಂದಿದ್ದಳು. ಉಜ್ಜಿದರೆ ಹಾಗೆ ಮಿಂಚುವುದು ಈ ಕಲ್ಲಿನ ಗುಣ, ಅದರಲ್ಲಿ ಬೆಂಕಿಯೂ ಇಲ್ಲ ಬಿಸಿಯೂ ಇಲ್ಲ ಎಂದು ಮೇಡಂ ಹೇಳಿದ ಮೇಲೂ ಆ ಕೋಣೆಗೆ ಒಬ್ಬಳೇ ಹೋಗಲು ಬಹಳ ದಿನ ಹಿಂಜರಿದಳು. ಆ ಕೋಣೆಯಲ್ಲಿ ನೀರು ಸುರಿಯುವ ಗರಗಸದಿಂದ ಕೋಲುಗಳನ್ನು ಉದ್ದಕ್ಕೆ ಸೀಳುತ್ತಿದ್ದರು. ಗರಗಸದ ನೀರು ಕಲ್ಲಿನ ನುಣ್ಣನೆಯ ಪುಡಿಯನ್ನು ಹೊತ್ತು, ಶೆಡ್ಡಿನ ನೆಲದ ಮೋರಿಯಲ್ಲಿ ಹರಿದು, ಹಿಂಭಾಗದ ಗುಂಡಿಗೆ ಇಳಿಯುತ್ತಿತ್ತು. ಒಂದೂವರೆ ಆಳುದ್ದದ ಸಿಮೆಂಟಿನ ಗುಂಡಿ. ಮೇಲೆ ಕಬ್ಬಿಣದ ಮುಚ್ಚಳ, ಒಳಗೆ ಗೋಡೆಗೆ ಬಡಿದ ಕಬ್ಬಿಣದ ಮೆಟ್ಟಿಲು, ತಳದಲ್ಲಿ ಬೂದುಬಣ್ಣದ ಕೆಸರು.

ಆ ವರ್ಷ ಮಳೆ ನಿಂತ ಮೇಲೆ ಅತ್ತಿಗೆಯ ಮೂಗು ನಿಂತಿತು.

ಒಮ್ಮೆಗೇ ಅಲ್ಲ. ಮೊದಲು ಸೋಪಿನ ವಾಸನೆ ತೆಳುವಾಯಿತು, ಆಮೇಲೆ ಚಹಾದ್ದು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರೆಳೆದರೆ ತಣ್ಣನೆಯ ಗಾಳಿ ಒಳಗೆ ಹೋಯಿತು, ಅಷ್ಟೆ. ಮನೆಯೇ ಇಲ್ಲದ ಕಡೆ ನಿಂತ ಹಾಗಾಯಿತು. ವರ್ಷಗಟ್ಟಲೆ ಆಸಿಡ್ಡಿನ ಮೇಲೆ ಬಗ್ಗಿದ್ದಕ್ಕೋ, ಬೇರೆ ಏನೋ ಕಾಯಿಲೆಗೋ ಅವಳಿಗೆ ತಿಳಿಯಲಿಲ್ಲ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ. ಗೊತ್ತಾದರೆ ಶೆಡ್ಡಿನಲ್ಲಿ ಅವಳು ಮತ್ತೆ ಬರೀ ಪೊರಕೆಯವಳು, ಮನೆಯಲ್ಲಿ ಅದೂ ಅಲ್ಲ.

ಮುಚ್ಚಿಡುವುದೇ ಒಂದು ದೊಡ್ಡ ಕೆಲಸವಾಯಿತು. ಹಾಲನ್ನು ಎರಡು ಸಲ ಕಾಯಿಸತೊಡಗಿದಳು. ಪಲ್ಯವನ್ನು ನಾಲಿಗೆಗೆ ಹಚ್ಚಿ ನೋಡಿ ಬಡಿಸಿದಳು. ಅತ್ತೆ ಲೋಟ ಬಾಯಿಗಿಟ್ಟರೆ ಅವಳ ಹುಬ್ಬನ್ನೇ ನೋಡುತ್ತ ಉಸಿರು ಹಿಡಿದು ನಿಂತಳು. ಗ್ಯಾಸಿನ ಒಲೆಯ ಗುಂಡಿಯನ್ನು ಆರಿಸಿ, ಹೊರಗೆ ಹೋಗಿ, ಮತ್ತೆ ಬಂದು ಮುಟ್ಟಿ ನೋಡಿ, ಗೇಟಿನಿಂದ ಇನ್ನೊಮ್ಮೆ ಹಿಂದೆ ಬಂದಳು.

"ಏನು ಅತ್ತಿಗೆ, ಒಲೆ ಕೆಳಗೆ ಗಂಟು ಹೂತಿಟ್ಟಿದ್ಯಾ?" ಎಂದು ನಾದಿನಿ ಕಿಚಾಯಿಸಿದಳು.

ಶೆಡ್ಡಿನಲ್ಲಿ ಕಲ್ಲೇ ಅವಳನ್ನು ಕಾಪಾಡಿತು. ಕೋಲು ಕೆರೆಯುವಳು, ಪುಡಿ ನೋಡುವಳು. ಹಳದಿಯಿದ್ದರೆ ತೊಟ್ಟು ಆಸಿಡ್ ಬಿಟ್ಟು, ಬಗ್ಗಿ, ಸುಳ್ಳೇ ಉಸಿರೆಳೆದು, "ಇದೆ ಮೇಡಂ" ಎನ್ನುವಳು. ಬಿಳಿಯಿದ್ದು ನೊರೆ ಬಂದರೆ "ಇಲ್ಲ." ಮೇಡಂ ಬರೆದುಕೊಳ್ಳುತ್ತಿದ್ದಳು. ಕಪ್ಪು ಜಾತಿಯ ಕೋಲು ಬಂದಾಗ ಮಾತ್ರ ಪುಡಿಯ ಬಣ್ಣ ಸಂದಿಗ್ಧವಾಗಿ, ಊಹೆಯ ಮೇಲೆ ಹೇಳಬೇಕಾಗುತ್ತಿತ್ತು. ಒಮ್ಮೆ "ಇಲ್ಲ" ಎಂದಿದ್ದಕ್ಕೆ ಮೇಡಂ ಕೋಲನ್ನು ಎತ್ತಿ ಬೆಳಕಿಗೆ ಹಿಡಿದು, "ಇನ್ನೊಂದು ಸಲ ನೋಡ್ತೀರಾ?" ಎಂದಿದ್ದಳು. ನೋಡಿದಳು. "ಇದೆ" ಎಂದಳು. ಮೇಡಂ ಮೂಗು ಒರೆಸಿಕೊಂಡು ಬರೆದುಕೊಂಡಳು.

ಹೀಗಿರುವಾಗ ಕಂಪನಿಯ ದೊಡ್ಡವರು ಗಣಿ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಮೇಡಂ ಅವರನ್ನು ಕರೆತರಲು ಹೊರಟವಳು, "ನೆಲ ಸ್ವಲ್ಪ ನೋಡಿಕೊಳ್ಳಿ, ಮರ್ಯಾದೆ ಪ್ರಶ್ನೆ" ಎಂದಷ್ಟೇ ಹೇಳಿ ಹೋದಳು.

ಶೆಡ್ಡಿನ ನೆಲದ ಮೇಲೆ ವರ್ಷಗಳ ಸುಣ್ಣದ ಕಲೆ ಕೂತಿತ್ತು. ಸೋಪಿಗೆ ಅದು ಜಗ್ಗಲಿಲ್ಲ. ಅತ್ತಿಗೆ, ನಾದಿನಿ ಇಬ್ಬರೂ ಮೊಣಕಾಲೂರಿ ಉಜ್ಜಿ ಉಜ್ಜಿ ಅಂಗೈ ಕೆಂಪಾದವು. ಆಗ ಅತ್ತಿಗೆಗೆ ಹೊಳೆಯಿತು. ಮನೆಯ ಬಚ್ಚಲಿನ ನೆಲದಲ್ಲಿ ಇದೇ ಬಿಳಿ ಕಲೆ ಕಟ್ಟಿದಾಗ ಅವಳು ಅಂಗಡಿಯಲ್ಲಿ ಸಿಗುವ ಆಸಿಡ್ ಸುರಿದು, ಗುಡಿಸಿ, ನೀರು ಹೊಡೆದು, ಕನ್ನಡಿಯಂತೆ ಮಾಡುತ್ತಿದ್ದಳು. ಸಾಮಾನಿನ ಕೋಣೆಯಲ್ಲಿ ಅದೇ ಆಸಿಡ್ಡಿನ ದೊಡ್ಡ ಕ್ಯಾನುಗಳಿದ್ದವು.

"ಮೇಡಂ ಒಂದೇ ತೊಟ್ಟು ಅಂತಾರಲ್ಲ ಯಾವಾಗಲೂ" ಎಂದಳು ನಾದಿನಿ.

"ಅದು ಕಲ್ಲಿಗೆ. ಸೀಸೆ ಬೇಗ ಮುಗಿದ್ರೆ ಅವರು ಮೇಲಿನವರಿಗೆ ಉತ್ತರ ಹೇಳ್ಬೇಕು. ಇದು ನೆಲಕ್ಕೆ."

ಒಂದು ತೊಟ್ಟು ಎನ್ನುವುದನ್ನು ಅವಳು ಜಿಪುಣತನ ಎಂದೇ ತಿಳಿದಿದ್ದಳು. ಅಡುಗೆಮನೆಯಲ್ಲಿ ಎಣ್ಣೆಯನ್ನು ಹಾಗೆ ಅಳೆದು ಬಿಡುವವರನ್ನು ನೋಡಿ ಬೆಳೆದವಳು. ಏಕೆ ಒಂದೇ ತೊಟ್ಟು ಎಂದು ಅವಳು ಕೇಳಿರಲಿಲ್ಲ, ಮೇಡಂ ಹೇಳಿರಲಿಲ್ಲ.

ಕ್ಯಾನುಗಳು ಖಾಲಿಯಾದವು. ನೆಲ ಬುಸುಗುಟ್ಟಿತು, ನೊರೆ ಎದ್ದಿತು, ಕಲೆ ಎದ್ದು ಬಂತು. ಇಬ್ಬರಿಗೂ ಖುಷಿಯಾಯಿತು. ನೊರೆಯನ್ನೆಲ್ಲ ಮೋರಿಗೆ ತಳ್ಳಿದರು. ಅದು ಗುಂಡಿಗೆ ಹೋಯಿತು, ವರ್ಷಗಟ್ಟಲೆ ಗರಗಸ ಸೀಳಿದ ಕಳ್ಳಗಲ್ಲಿನ ಪುಡಿ ಕೂತಿದ್ದ ಗುಂಡಿಗೆ. ಸ್ವಲ್ಪ ಹೊತ್ತಿಗೆ ಮೋರಿ ಕಟ್ಟಿಕೊಂಡು ನೀರು ಹಿಂದಕ್ಕೆ ಬರತೊಡಗಿತು. ತೊಳೆದ ನೆಲದ ಮೇಲೆಯೇ ಬೂದುನೀರು ಹರಡಿತು.

"ಗುಂಡಿಯಲ್ಲಿ ಕೆಸರು ಏರಿರಬೇಕು. ಪೈಪಿನ ಬಾಯಿ ಬಿಡಿಸಿದ್ರೆ ಹೋಗತ್ತೆ" ಎಂದು ನಾದಿನಿ ಅಂಗಿಯ ತೋಳು ಮಡಿಚಿದಳು. "ನಾನಿಳೀತೀನಿ. ನೀನಿಳಿದ್ರೆ ಮೇಲೆ ಎತ್ತೋಕೆ ಕ್ರೇನ್ ತರಿಸ್ಬೇಕು."

ಹಿಂದೆ ಹೋಗಿ ಇಬ್ಬರೂ ಸೇರಿ ಮುಚ್ಚಳ ಸರಿಸಿದರು.

ನಾತ ಮುಖಕ್ಕೆ ಹೊಡೆಯಿತು. ನೂರು ಕೊಳೆತ ಮೊಟ್ಟೆ ಒಟ್ಟಿಗೆ ಒಡೆದ ಹಾಗೆ. ನಾದಿನಿ ಹಿಂದೆ ಸರಿದು ಉಗಿದಳು. ಅತ್ತಿಗೆ ನಿಂತಲ್ಲೇ ನಿಂತಳು. ಅವಳಿಗೆ ವಾಸನೆ ಬಂದಿತ್ತು. ಎಷ್ಟೋ ವಾರಗಳ ಮೇಲೆ, ಅವಳ ಮೂಗಿನೊಳಕ್ಕೆ ಏನೋ ಬಂದಿತ್ತು. ಜಗತ್ತಿನಲ್ಲಿ ಇದಕ್ಕಿಂತ ಕೆಟ್ಟ ನಾತವಿರಲಿಕ್ಕಿಲ್ಲ, ಅವಳ ಕಣ್ಣಲ್ಲಿ ಸಂತೋಷದ ನೀರು ಬಂತು. ಕಣ್ಣು ಉರಿಯುತ್ತಲೂ ಇತ್ತು. ಎರಡನ್ನೂ ಒಟ್ಟಿಗೇ ಒರೆಸಿಕೊಂಡಳು.

"ಸ್ವಲ್ಪ ಗಾಳಿಯಾಡಲಿ" ಎಂದಳು. "ನಾತ ಹೋದ್ಮೇಲೆ ಇಳಿ."

ಕಾದರು. ಗುಂಡಿಯ ಅಂಚಿನಲ್ಲಿ ಕೂತು ಅತ್ತಿಗೆ ಆಗಾಗ ಉಸಿರೆಳೆದು ನೋಡುತ್ತಿದ್ದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ನಾತ ಇತ್ತು. ಆಮೇಲೆ ಕಡಿಮೆಯಾಯಿತು. ಆಮೇಲೆ ಸಿಹಿಸಿಹಿಯಾದ ಏನೋ ಒಂದು ಎಳೆ. ಆಮೇಲೆ ಅದೂ ಇಲ್ಲ.

ಇಲ್ಲ. ಅವಳು ಇನ್ನಷ್ಟು ಬಗ್ಗಿದಳು. ಬರೀ ತಣ್ಣನೆಯ ಗಾಳಿ, ಅಡುಗೆಮನೆಯ ಬಾಗಿಲಲ್ಲಿ ಆ ಬೆಳಿಗ್ಗೆ ಬಂದಂಥದೇ.

ಹೋದದ್ದು ನಾತವೋ ತನ್ನ ಮೂಗೋ? ನಾತವಾದರೆ ಒಳ್ಳೆಯದು. ಮೂಗಾದರೆ, ಬಂದದ್ದು ಕ್ಷಣಕ್ಕೆ ಬಂದು ಮತ್ತೆ ಹೋಯಿತು ಎಂದಾದರೆ, ನಾತ ಇನ್ನೂ ಅಲ್ಲೇ ಇರಬಹುದು. ಅವಳಿಗೆ ಗೊತ್ತಾಗಲು ದಾರಿಯಿಲ್ಲ. ಪುಡಿಯ ಬಣ್ಣ ನೋಡಿ ಹೇಳುವಂಥದಲ್ಲ ಇದು.

"ಹೇಗಿದೆ?" ಎಂದಳು ನಾದಿನಿ. "ನನಗೇನೂ ಬರ್ತಿಲ್ಲ. ನನ್ನ ಮೂಗೇನು ಲೆಕ್ಕ. ನೀನು ಹೇಳು."

ನನಗೆ ಗೊತ್ತಾಗ್ತಿಲ್ಲ ಎನ್ನಬೇಕಿತ್ತು. ಅಷ್ಟೇ ಮಾತು. ಆ ಮಾತಿನ ಹಿಂದೆ ಇಷ್ಟು ವಾರಗಳ ಸುಳ್ಳು ಉಸಿರು, ಮೇಡಂ ಬರೆದುಕೊಂಡ ಎಲ್ಲ "ಇದೆ" ಮತ್ತು "ಇಲ್ಲ", ಅತ್ತೆಯ ಹುಬ್ಬು ಸರದಿಯಲ್ಲಿ ನಿಂತಿದ್ದವು. ಒಂದನ್ನು ಬಿಟ್ಟರೆ ಎಲ್ಲವೂ ಸುರಿಯುತ್ತವೆ.

"ಹೋಗಿದೆ ವಾಸನೆ" ಎಂದಳು.

"ಇಳೀಲಾ?"

"ಇಳಿ."

ನಾದಿನಿ ಬಕೆಟ್ಟು ಹಿಡಿದು ಮೆಟ್ಟಿಲಿಳಿದಳು. ಅವಳ ತಲೆ ನೆಲದ ಮಟ್ಟಕ್ಕೆ ಬಂತು, ಕೆಳಗೆ ಹೋಯಿತು. ಅವಳು ಹಾಡೊಂದನ್ನು ಗುನುಗುತ್ತಿದ್ದಳು. ತಳಕ್ಕಿಂತ ಸ್ವಲ್ಪ ಮೇಲೆ, ಮೆಟ್ಟಿಲಿನ ಮೇಲೇ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಬಕೆಟ್ಟಿನ ಅಂಚಿನಿಂದಲೇ ಪೈಪಿನ ಬಾಯಿ ಕೆರೆಯತೊಡಗಿದಳು. ಕೆಸರು ಪಚಪಚ ಎಂದಿತು.

ಆಗಲೇ ಲಾರಿ ಬಂದ ಸದ್ದಾಯಿತು. ಡ್ರೈವರ್ ಶೆಡ್ಡಿನ ಮೂಲೆ ತಿರುಗಿ ಹಿಂಭಾಗಕ್ಕೆ ಬಂದವನು ದೂರದಲ್ಲೇ ನಿಂತ. ಅಂಗಿಯ ಕಾಲರನ್ನು ಮೂಗಿನವರೆಗೆ ಎಳೆದುಕೊಂಡ.

"ಥೂ. ಏನಕ್ಕಾ ಇದು, ಹೊಟ್ಟೆ ತೊಳಸ್ತಾ ಇದೆ. ಅಷ್ಟು ಹತ್ತಿರ ಹೆಂಗೆ ಕೂತಿದೀರ?"

ಅತ್ತಿಗೆ ಅವನ ಮುಖ ನೋಡಿದಳು. ಅವನು ನಟಿಸುತ್ತಿರಲಿಲ್ಲ. ಅವನ ಕಣ್ಣು ಕಿರಿದಾಗಿತ್ತು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಅಷ್ಟು ದೂರ ನಿಂತವನಿಗೆ ಬರುತ್ತಿರುವ ನಾತ, ಅಂಚಿನಲ್ಲಿ ಕೂತ ತನಗಿಲ್ಲ.

ಗುಂಡಿಯ ಅಂಚಿಗೆ ಬಗ್ಗಿದಳು.

"ಮೇಲೆ ಬಾ" ಎಂದು ಗುಂಡಿಯೊಳಕ್ಕೆ ಕೂಗಿದಳು. "ಬಾ ಮೇಲೆ, ಈಗಲೇ."

"ಈಗ ತಾನೇ ಇಳಿ ಅಂದೆ. ನಿನ್ನ ಗಂಡನ ಹಾಗೇ ಆಡ್ತೀಯಲ್ಲ, ಹತ್ತು ಅಂದ್ರೆ ಇಳಿ, ಇಳಿ ಅಂದ್ರೆ ಹತ್ತು." ಧ್ವನಿ ಎಂದಿನಂತಿರಲಿಲ್ಲ. ಕುಡಿದವರ ಮಾತಿನಂತೆ ಸ್ವಲ್ಪ ಎಳೆಯುತ್ತಿತ್ತು. "ಇನ್ನೊಂದು ಬಕೆಟ್ ಅಷ್ಟೆ."

"ತಂಗೀ, ನಾತ ಇದೆ ಇಲ್ಲಿ, ಜೋರಿದೆ" ಎಂದು ಡ್ರೈವರ್ ಕೂಗಿದ.

"ಬೀಡಿ ಸೇದೋ ಮೂಗು ನಿಂದು. ನಮ್ಮತ್ತಿಗೆ ಹೋಗಿದೆ ಅಂದ್ಮೇಲೆ ಹೋಗಿದೆ." ಅವಳು ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು. ತಲೆ ಇನ್ನಷ್ಟು ಕೆಳಗೆ ಬಗ್ಗಿತು.

ಅತ್ತಿಗೆ ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ಕೈ ಇಳಿಬಿಟ್ಟಳು. ಬೆರಳು ನಾದಿನಿಯ ಜಡೆಗೆ ಒಂದು ಗೇಣು ಕಡಿಮೆ. ಇಳಿದುಬಿಡಲೇ ಎಂದು ಮನಸ್ಸು ಹಾರಿತು. ಇಳಿದರೆ ಇಬ್ಬರೂ ಹೋಗುತ್ತೇವೆ ಎಂದು ಅದೇ ಮನಸ್ಸು ಹೇಳಿತು. ಅವಳನ್ನು ಹಿಡಿದಿಟ್ಟಿರುವುದು ಕೆಸರಲ್ಲ, ತನ್ನ ಮೂಗಿನ ಮೇಲಿನ ನಂಬಿಕೆ. ಅದನ್ನು ಕಿತ್ತರೆ ಮಾತ್ರ ಅವಳು ಬರುತ್ತಾಳೆ.

"ನನ್ನ ಮೂಗು ಸತ್ತಿದೆ ಕಣೆ" ಎಂದು ಕೂಗಿದಳು. "ಮಳೆ ನಿಂತಾಗಿಂದ ನನಗೇನೂ ವಾಸನೆ ಬರಲ್ಲ. ಮೇಡಂಗೂ ಸುಳ್ಳು ಹೇಳ್ತಿದೀನಿ, ನಿಮ್ಮಮ್ಮಂಗೂ ಸುಳ್ಳು ಹೇಳ್ತಿದೀನಿ, ನಿನಗೂ ಈಗ ಸುಳ್ಳೇ ಹೇಳಿದ್ದು. ನನ್ನ ಮಾತು ನಂಬಬೇಡ. ಬಾ ಮೇಲೆ."

ಕೆರೆಯುವ ಸದ್ದು ನಿಂತಿತು.

ನಾದಿನಿ ಮುಖ ಎತ್ತಿದಳು. ಬೂದು ಹತ್ತಿದ ಮುಖ, ಅರೆಮುಚ್ಚಿದ ಕಣ್ಣು. ಬಕೆಟ್ಟು ಕೈಯಿಂದ ಬಿತ್ತು. ಒಂದು ಮೆಟ್ಟಿಲು ಹತ್ತಿದಳು. ಇನ್ನೊಂದು. ಮೂರನೆಯದಕ್ಕೆ ಕೈ ಚಾಚಿದವಳು ಕಂಬಿ ಎಲ್ಲಿದೆ ಎಂದು ತಿಳಿಯದವಳಂತೆ ಗಾಳಿಯಲ್ಲಿ ತಡಕಾಡಿದಳು. ಆ ಕೈಯನ್ನು ಅತ್ತಿಗೆ ಹಿಡಿದಳು. ಮಣಿಕಟ್ಟು, ಆಮೇಲೆ ಮೊಳಕೈ, ಆಮೇಲೆ ಜಡೆ, ಆಮೇಲೆ ಅಂಗಿಯ ಕೊರಳು, ಸಿಕ್ಕಿದ್ದನ್ನೆಲ್ಲ ಹಿಡಿದಳು. ಮುಖ ಗುಂಡಿಯ ಕಡೆಗಿರದಂತೆ ಪಕ್ಕಕ್ಕೆ ತಿರುಗಿಸಿ ಉಸಿರು ಕಟ್ಟಿದಳು. ಹಿಂದಿನಿಂದ ಡ್ರೈವರ್ ಅವಳ ಎರಡೂ ಕಾಲು ಹಿಡಿದು ಗೋಣಿಚೀಲ ಎಳೆಯುವ ಹಾಗೆ ಹಿಂದಕ್ಕೆ ಎಳೆದ. ಎದೆಯ ಚರ್ಮ ಸಿಮೆಂಟಿಗೆ ತರಚಿತು. ನಾದಿನಿಯ ತೂಕವೆಲ್ಲ ಒಮ್ಮೆಗೇ ಕೈಗೆ ಬಂತು. ಅವಳು ಪ್ರಜ್ಞೆ ತಪ್ಪಿದ್ದಳು.

ಹೊರಗೆ ಎಳೆದು, ಇನ್ನೂ ದೂರ ಎಳೆದು, ಲಾರಿಯ ನೆರಳಿನಲ್ಲಿ ಮಲಗಿಸಿದರು. ಅತ್ತಿಗೆ ಅವಳ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ತುಟಿ ನೀಲಿಯಾಗಿತ್ತು. ಡ್ರೈವರ್ ಏನೋ ಗೊಣಗುತ್ತ ನೀರಿನ ಬಾಟಲಿ ಹುಡುಕುತ್ತಿದ್ದ. ಆ ಹೊತ್ತು ಎಷ್ಟಿತ್ತೋ, ಅತ್ತಿಗೆಗೆ ಅದು ತನ್ನ ಮದುವೆಯಿಂದ ಇಲ್ಲಿಯವರೆಗಿನಷ್ಟು ಉದ್ದವಾಗಿತ್ತು. ಆಮೇಲೆ ನಾದಿನಿಯ ಎದೆ ಒಮ್ಮೆ ಎದ್ದಿತು, ಪಕ್ಕಕ್ಕೆ ಹೊರಳಿ ವಾಂತಿ ಮಾಡಿದಳು.

ಮೇಡಂ ಬಂದಾಗ ದೊಡ್ಡವರ ಕಾರೂ ಹಿಂದೆಯೇ ಬಂದಿತ್ತು. ಅವರನ್ನು ಬಾಗಿಲಲ್ಲೇ ಬಿಟ್ಟು ಮೇಡಂ ಓಡಿಬಂದಳು, ಎಲ್ಲರನ್ನೂ ಗುಂಡಿಯಿಂದ ದೂರ ಅಟ್ಟಿದಳು, ತನ್ನ ಕಾರಿನಲ್ಲೇ ನಾದಿನಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ದಾರಿಯಲ್ಲಿ ಅತ್ತಿಗೆ ಕ್ಯಾನುಗಳ ವಿಷಯ ಹೇಳಿದಳು. ಮೇಡಂ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದಳು.

"ಒಂದು ತೊಟ್ಟಿಗೆ ಬರೋ ವಾಸನೆಯೇ ಒಂದು ಅನಿಲ" ಎಂದಳು. "ಕ್ಯಾನುಗಟ್ಟಲೆ ಹಾಕಿದ್ರೆ ಅದೇ ವಿಷ. ಗಾಳಿಗಿಂತ ಭಾರ, ಗುಂಡಿಯಲ್ಲಿ ನಿಲ್ಲತ್ತೆ. ಜಾಸ್ತಿಯಾದಾಗ ಮೊದಲು ಮೂಗನ್ನೇ ಮಲಗಿಸತ್ತೆ. ವಾಸನೆ ಹೋಯ್ತು ಅಂತ ಅನಿಸತ್ತೆ, ಹೋಗಿರಲ್ಲ. ಯಾರ ಮೂಗಾದರೂ ಅಷ್ಟೇ. ನಿಮ್ಮ ತಪ್ಪಲ್ಲ ಇದು. ನಾನು ಹೇಳಬೇಕಿತ್ತು."

ಯಾರ ಮೂಗಾದರೂ ಅಷ್ಟೇ. ಅತ್ತಿಗೆಗೆ ಬಾಗಿಲೊಂದು ತೆರೆದ ಹಾಗಾಯಿತು. ಅದರಲ್ಲಿ ನುಗ್ಗಿ ಹೊರಗೆ ಹೋಗಿಬಿಡಬಹುದಿತ್ತು. ಎಲ್ಲವೂ ಅನಿಲದ ಮಾಟ, ಮೊದಲಿನಿಂದ ಏನೂ ಆಗಿರಲಿಲ್ಲ ಎಂದುಬಿಡಬಹುದಿತ್ತು. ಡ್ರೈವರ್ ಬಾಯಿಬಡುಕನಲ್ಲ. ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ನಾದಿನಿ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದಳು. ಮಾತಾಡುವ ಶಕ್ತಿಯಿರಲಿಲ್ಲ. ನೋಡುತ್ತಿದ್ದಳು, ಅಷ್ಟೆ.

"ಅಷ್ಟೇ ಅಲ್ಲ ಮೇಡಂ" ಎಂದಳು ಅತ್ತಿಗೆ. ಉಳಿದದ್ದನ್ನೂ ಹೇಳಿದಳು. ಪುಡಿಯ ಬಣ್ಣ, ಸುಳ್ಳು ಉಸಿರು, ಕಪ್ಪು ಕೋಲು. ಮೇಡಂ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ರಸ್ತೆಗೆ ತಿರುಗಿಸಿದಳು. ಆ ನೋಟದಲ್ಲಿ ಕೆಲಸ ಉಳಿಯಿತೋ ಹೋಯಿತೋ ಅತ್ತಿಗೆಗೆ ಓದಲಾಗಲಿಲ್ಲ.

ಡಾಕ್ಟರು ಸಂಜೆಯವರೆಗೆ ಇಟ್ಟುಕೊಂಡು ಮನೆಗೆ ಕಳಿಸಿದರು. ಇಂಥ ಅನಿಲ ಕುಡಿದವರಿಗೆ ಕೆಲವೊಮ್ಮೆ ತಡವಾಗಿ ಎದೆಯಲ್ಲಿ ನೀರು ಸೇರುತ್ತದೆ, ಉಸಿರು ನೋಡುತ್ತಿರಿ, ಗೊರಗೊರ ಎಂದರೆ, ತುಟಿಯ ಬಣ್ಣ ಬದಲಾದರೆ, ಒಂದು ಕ್ಷಣವೂ ಕಾಯದೆ ಕರೆತನ್ನಿ ಎಂದರು.

ಮನೆಗೆ ಬಂದು ನಾದಿನಿಯನ್ನು ಹೊರಗಿನ ಕೋಣೆಯ ಮಂಚದ ಮೇಲೆ ಮಲಗಿಸಿದರು. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಅತ್ತಿಗೆ ನೆಲದ ಮೇಲೆ, ಮಂಚಕ್ಕೆ ತಾಗಿ ಕೂತಳು.

"ಇಳಿ ಅಂದಾಗ" ಎಂದಳು ನಾದಿನಿ, ಗಂಟಲು ಒಡೆದ ಧ್ವನಿಯಲ್ಲಿ. "ಗೊತ್ತಿತ್ತಾ ನಿನಗೆ?"

"ಸಂಶಯ ಇತ್ತು."

"ಆದ್ರೂ ಅಂದೆ."

"ಆದ್ರೂ ಅಂದೆ."

ನಾದಿನಿ ಗೋಡೆಯ ಕಡೆ ತಿರುಗಿದಳು. ತಿರುಗಿದಂತೆಯೇ, "ನೀನು ನಂಗೆ ಹೇಳಿದ್ರೆ ನಾನು ಮೂಸಿ ಹೇಳ್ತಿದ್ದೆ. ಮನೇಲೂ, ಶೆಡ್ಡಲ್ಲೂ" ಎಂದಳು. ಆಮೇಲೆ, "ನನ್ನ ಜಡೆ ಕಿತ್ತೇ ಹೋಯ್ತು ಅಂದ್ಕೊಂಡೆ" ಎಂದಳು. ಅದು ಕ್ಷಮೆಯಾಗಿರಲಿಲ್ಲ. ಕ್ಷಮೆ ಕೇಳುವಷ್ಟು ಧೈರ್ಯ ಅತ್ತಿಗೆಗೂ ಇರಲಿಲ್ಲ. ನಾದಿನಿ ನಿದ್ದೆಹೋದಳು.

ಅಡುಗೆಮನೆಯಿಂದ ಅತ್ತೆ ಕೂಗಿದಳು. "ಕತ್ತಲಾಗ್ತಾ ಬಂತು, ಒಲೆ ಹಚ್ಚಿಲ್ಲ. ಇವತ್ತು ಅಡುಗೆ ಇಲ್ವೇನೇ?"

ನಾದಿನಿಯ ಬೆನ್ನು ಎದ್ದಿತು, ಇಳಿಯಿತು. ಮತ್ತೆ ಎದ್ದಿತು. ಎರಡು ಉಸಿರಿನ ನಡುವಿನ ಬಿಡುವು ಪ್ರತಿ ಸಲವೂ ಅತ್ತಿಗೆಗೆ ಮೊದಲಿಗಿಂತ ಉದ್ದವೆನಿಸುತ್ತಿತ್ತು.

"ನೀವೇ ಮಾಡ್ಕೊಳ್ಳಿ ಅತ್ತೆ" ಎಂದಳು. "ನಾನು ಏಳೋ ಹಾಗಿಲ್ಲ."

ಅಡುಗೆಮನೆಯಲ್ಲಿ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ನಿಂತದ್ದು, ಏನೋ ಹೇಳಲು ಉಸಿರೆಳೆದದ್ದು ಅತ್ತಿಗೆಯ ಕಿವಿಗೆ ತಿಳಿಯಿತು. ಅವಳು ತಿರುಗಿ ನೋಡಲಿಲ್ಲ. ಮುಂದಕ್ಕೆ ಬಾಗಿ, ಕೈಯನ್ನು ನಾದಿನಿಯ ಬೆನ್ನಿನ ಮೇಲೆ, ಭಾರ ಬೀಳದಂತೆ ಇಟ್ಟು, ಮುಂದಿನ ಉಸಿರಿಗೆ ಕಾದಳು.